ಮಹಾಲಯ ಅಮಾವಾಸ್ಯೆ ಮರುದಿನ ಮಾಲ್ಡೀವ್ಸ್: ಪಾಯಿಂಟ್ಸ್‌ನಲ್ಲಿ ಐದು ರಾತ್ರಿ, ನನ್ನ ಅನುಭವ

ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್‌ನಲ್ಲಿ ಫ್ರೀ ರೂಮು ಅಂತ ಮಾಲ್ಡೀವ್ಸ್‌ಗೆ ಹೋದರೆ ಊಟದ ಬಿಲ್ಲಿನಲ್ಲೇ ಮುಳುಗುತ್ತೀರಿ ಎಂದು ಹೇಳುವವರು ಜಾಸ್ತಿ. ಮಳೆಗಾಲದಲ್ಲಂತೂ ಹೋಗಲೇಬೇಡಿ ಎನ್ನುವವರು ಇನ್ನೂ ಜಾಸ್ತಿ. ನಮ್ಮ ಪಾಯಿಂಟ್ಸ್ ಗೆಳೆಯರ ಗುಂಪಿನಲ್ಲೇ ಅನುಭವಸ್ಥರೊಬ್ಬರು "ಮೇಡಂ, ಸುಮ್ನೆ ಆ ಪಾಯಿಂಟ್ಸನ್ನು ಬ್ಯಾಂಕಾಕ್‌ನಲ್ಲಿ ಖರ್ಚು ಮಾಡಿ" ಎಂದಿದ್ದರು. ನಾನು ಕೇಳಲಿಲ್ಲ. 2025ರ ದಸರಾ ರಜೆಯಲ್ಲಿ ನಾನು, ನಮ್ಮ ಮನೆಯವರು, ಮಗಳು ಮೂರೂ ಜನ ಅಲ್ಲಿನ ಬಾ ಅಟಾಲ್ ಎಂಬ ದ್ವೀಪಗಳ ಗುಂಪಿಗೆ ಹೋದೆವು. ಮ್ಯಾರಿಯಟ್‌ನವರ ವೆಸ್ಟಿನ್ ಮಿರಿಯಂಧೂ ರೆಸಾರ್ಟಿನಲ್ಲಿ ಐದು ರಾತ್ರಿ ಇದ್ದು ಬಂದೆವು. ವಿಮಾನದ ಟಿಕೆಟ್‌ನಿಂದ ಹಿಡಿದು ದೋಣಿಯ ಹುಡುಗನಿಗೆ ಕೊಟ್ಟ ಟಿಪ್ಸ್ ತನಕ ಕೈಯಿಂದ ಹೋದದ್ದು ಎರಡೂವರೆ ಲಕ್ಷದ ಆಸುಪಾಸು. ಅದೇ ವಾರಕ್ಕೆ, ಅದೇ ದ್ವೀಪಕ್ಕೆ ಏಜೆಂಟ್ ಒಬ್ಬರು ಕೊಟ್ಟಿದ್ದ ಕೊಟೇಶನ್ ಆರೂವರೆ ಲಕ್ಷ ಚಿಲ್ಲರೆ, ಅದೂ ತಿಂಡಿ ಮಾತ್ರ ಸೇರಿಸಿ.

ಕಾರ್ಡು, ಮೈಲ್‌ಸ್ಟೋನು (ವರ್ಷಕ್ಕೆ ಇಷ್ಟು ಖರ್ಚು ಮುಟ್ಟಿಸಿದರೆ ಸಿಗುವ ಬೋನಸ್), ಟ್ರಾನ್ಸ್‌ಫರ್ (ಕಾರ್ಡಿನ ಪಾಯಿಂಟ್ಸನ್ನು ಹೋಟೆಲಿನ ಖಾತೆಗೆ ಕಳಿಸುವುದು) ಇವೆಲ್ಲ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ, ಅದಕ್ಕೆ ಬೇಗ ಮುಗಿಸುತ್ತೇನೆ. ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಪ್ಲಾಟಿನಂ ಟ್ರಾವೆಲ್ ಕಾರ್ಡು ನನ್ನದೊಂದು, ಇವರದೊಂದು. ವರ್ಷಕ್ಕೆ ನಾಲ್ಕು ಲಕ್ಷ ಮುಟ್ಟಿಸಿದರೆ ಆಗ ಒಂದೊಂದರಲ್ಲಿ 48 ಸಾವಿರದಷ್ಟು ಪಾಯಿಂಟ್ಸ್, ಜೊತೆಗೆ 10,000 ರೂಪಾಯಿಯ ತಾಜ್ ಹೋಟೆಲ್ ವೋಚರ್ ಸಿಗುತ್ತಿತ್ತು. ನಾನು ಕಳಿಸಿದಾಗ ಮ್ಯಾರಿಯಟ್ ಹೋಟೆಲಿನವರ ಪಾಯಿಂಟ್ಸ್ ಯೋಜನೆಯಾದ ಬಾನ್‌ವಾಯ್‌ಗೆ ಒಂದಕ್ಕೊಂದು ಲೆಕ್ಕದಲ್ಲಿ ಹೋಯಿತು. ಇವರ ಪಾಯಿಂಟ್ಸನ್ನು ಮೊದಲು ಇವರ ಬಾನ್‌ವಾಯ್ ಖಾತೆಗೆ ಹಾಕಿಸಿ, ಅಲ್ಲಿಂದ ನನ್ನ ಖಾತೆಗೆ ತರಿಸಿಕೊಂಡೆ. ಒಬ್ಬರು ವರ್ಷಕ್ಕೆ ಒಂದು ಲಕ್ಷದವರೆಗೆ ಕಳಿಸಬಹುದು, ಅದಕ್ಕಿಂತ ಜಾಸ್ತಿ ನಮಗೆ ಬೇಕಾಗಲೂ ಇಲ್ಲ. ಎಚ್‌ಡಿಎಫ್‌ಸಿಯ ಬಾನ್‌ವಾಯ್ ಕಾರ್ಡಿನಿಂದ ಬಂದದ್ದು ಚಿಲ್ಲರೆ.

ಎರಡು ಕಾರ್ಡು ಅಂದರೆ ವರ್ಷಕ್ಕೆ ಎಂಟು ಲಕ್ಷ ಖರ್ಚು. ಮೈಸೂರಿನ ಸಂಬಳದ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ನಮಗೆ ಒದಗಿ ಬಂದದ್ದು ನಾದಿನಿಯ ಮದುವೆ. ಸೀರೆ, ಪಾತ್ರೆ, ಫ್ರಿಜ್ಜು, ಮಂಚ, ಬೀಗರ ಕಡೆಯವರಿಗೆ ಹೋಟೆಲ್ ರೂಮು, ಎಲ್ಲ ನನ್ನ ಕಾರ್ಡಿನಲ್ಲಿ. ಮಾವನವರು ದುಡ್ಡನ್ನು ನನ್ನ ಖಾತೆಗೆ ಹಾಕುತ್ತಿದ್ದರು. ಛತ್ರದವರು ಮಾತ್ರ ಒಪ್ಪಲಿಲ್ಲ, ಕಾರ್ಡು ಅಂದರೆ ಎರಡು ಪರ್ಸೆಂಟ್ ಜಾಸ್ತಿ ಕೊಡಿ ಎಂದರು. ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ಮೈಲ್‌ಸ್ಟೋನ್ ಮುಟ್ಟಲು ಎಷ್ಟು ಬೇಕೋ ಅಷ್ಟನ್ನು ಕಾರ್ಡಿನಲ್ಲಿ ಕೊಟ್ಟು ಉಳಿದದ್ದನ್ನು ಯುಪಿಐ ಮಾಡಿದೆ. ಎರಡು ಪರ್ಸೆಂಟ್ ಕೊಟ್ಟರೂ ಅಷ್ಟರಲ್ಲಿ ನನಗೇ ಲಾಭ ಇತ್ತು. ಅಮೆಕ್ಸ್ ತೆಗೆದುಕೊಳ್ಳುವ ಅಂಗಡಿ ನಮ್ಮೂರಲ್ಲಿ ಕಡಿಮೆ ಅಲ್ವಾ, ಅದಕ್ಕೆ ನಾನು ಕಂಡುಕೊಂಡ ದಾರಿ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಚ್ಚಿಹೋಗುತ್ತದೆ.

ಈಗ ಕೆಟ್ಟ ಸುದ್ದಿಗಳಿಗೆ ಬರುತ್ತೇನೆ. ಇದಕ್ಕೂ ಮೊದಲು ಬೇರೊಂದು ಬ್ಯಾಂಕಿನ ಕಾರ್ಡಿನಲ್ಲಿ ಒಂದೂವರೆ ವರ್ಷ ಕೂಡಿಟ್ಟಿದ್ದೆ. ಬೇರೆ ಹೋಟೆಲ್ ಸರಣಿಗೆ ಕಳಿಸುವ ಉದ್ದೇಶ ಇತ್ತು. ಒಂದು ದಿನ ಮೇಲ್ ಬಂತು, ಮುಂದಿನ ತಿಂಗಳಿಂದ ಟ್ರಾನ್ಸ್‌ಫರ್ ದರ ಅರ್ಧ ಅಂತ. ತಿಂಗಳೊಳಗೆ ಕಳಿಸೋಣ ಎಂದರೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಬೇರೆ. ಸುಮಾರು 70 ಸಾವಿರ ಪಾಯಿಂಟ್ಸ್ ಕೊನೆಗೆ ಶಾಪಿಂಗ್ ವೋಚರ್ ಆಗಿ ಮಿಕ್ಸಿ, ಬೆಡ್‌ಶೀಟ್ ಎಂದು ಕರಗಿತು. ಇನ್ನೊಂದು ಸಲ ಒಂದು ರೆಸಾರ್ಟಿನಲ್ಲಿ ರಾತ್ರಿಗೆ 48 ಸಾವಿರ ಪಾಯಿಂಟ್ಸ್‌ಗೆ ರೂಮು ಕಾಣುತ್ತಿತ್ತು. ಪಾಯಿಂಟ್ಸ್ ಕಳಿಸಿ ಅವು ಬಂದು ಬೀಳುವ ಹೊತ್ತಿಗೆ ಸಾದಾ ರೂಮುಗಳೆಲ್ಲ ಹೋಗಿ, ಉಳಿದವು ಲಕ್ಷದ ಮೇಲೆ. ಆಮೇಲೆ ನಾನು ಪಾಯಿಂಟ್ಸ್ ಬರುವವರೆಗೆ ಕಾಯುವುದನ್ನೇ ಬಿಟ್ಟೆ. ಬಾನ್‌ವಾಯ್‌ನಲ್ಲಿ ಖಾತೆಯಲ್ಲಿ ಪಾಯಿಂಟ್ಸ್ ಇಲ್ಲದಿದ್ದರೂ ರೂಮು ಹಿಡಿದಿಡಬಹುದು, ಹೋಟೆಲಿಗೆ ತಲುಪುವ ದಿನಕ್ಕೆ ಕನಿಷ್ಠ 14 ದಿನ ಮೊದಲು ತುಂಬಿಸಿದರೆ ಆಯಿತು. ದರ ಏರಿದರೆ ಏರಿದ್ದೇ ಲೆಕ್ಕ, ಆದರೆ ರೂಮು ಕೈ ತಪ್ಪುವುದಿಲ್ಲ. ಮಾಲ್ಡೀವ್ಸ್‌ನಲ್ಲಿ ರೂಮು ಕೈ ತಪ್ಪದಿರುವುದೇ ಮುಖ್ಯ.

ನಮಗೆ ರಾತ್ರಿಗೆ 55 ಸಾವಿರದ ಆಚೀಚೆ ಬಿತ್ತು. ಐದು ರಾತ್ರಿ ಪಾಯಿಂಟ್ಸ್‌ನಲ್ಲಿ ತೆಗೆದುಕೊಂಡರೆ ನಾಲ್ಕಕ್ಕೇ ಲೆಕ್ಕ. ಒಟ್ಟು 2 ಲಕ್ಷ 20 ಸಾವಿರ ಎಂದುಕೊಳ್ಳಿ. ನಾಲ್ಕು ರಾತ್ರಿ ತೆಗೆದುಕೊಂಡು ವಾಪಸ್ ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ದಸರಾ ಯಾಕೆ ಅಂದರೆ, ಆ ಹತ್ತು ದಿನ ಮೈಸೂರಿನ ಹೋಟೆಲ್ ದರ ಆಕಾಶದಲ್ಲಿರುತ್ತದೆ, ಮಾಲ್ಡೀವ್ಸ್ ದರ ನೆಲದಲ್ಲಿರುತ್ತದೆ. ಅವರ ಸೀಸನ್ ಡಿಸೆಂಬರ್‌ನಿಂದ ಏಪ್ರಿಲ್. ಮೇಯಿಂದ ನವೆಂಬರ್‌ವರೆಗೆ ನೈಋತ್ಯ ಮಾರುತ, ಗಾಳಿ, ಮಳೆ, ಖಾಲಿ ರೂಮು. ಆದರೆ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಮಾಂಟಾ ರೇ ಎಂಬ ಅಗಲ ರೆಕ್ಕೆಯ ದೊಡ್ಡ ಮೀನುಗಳು ಬರುವುದು ಇದೇ ತಿಂಗಳುಗಳಲ್ಲಿ. ಈ ಮಾರುತದ ಕಾಲದ ಪ್ರವಾಹ ತಳ್ಳಿಕೊಂಡು ಬಂದ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳ ರಾಶಿ), ಒಂದು ಕಡೆ ಮುಚ್ಚಿರುವ ಆ ಸಣ್ಣ ಕೊಲ್ಲಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ತಿನ್ನಲು ಮಾಂಟಾಗಳು ಗುಂಪಾಗಿ ಬರುತ್ತವೆ. ಅಂದರೆ ದುಡ್ಡು ಕೊಟ್ಟು ಜನವರಿಯಲ್ಲಿ ಹೋದವರಿಗೆ ನೀಲಿ ನೀರು ಸಿಗುತ್ತದೆ, ಮಾಂಟಾ ಸಿಗುವುದಿಲ್ಲ. ಬಾ ಅಟಾಲ್ 2011ರಿಂದ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶ. ಹನಿಫಾರುವಿನಲ್ಲಿ ಸಿಲಿಂಡರ್ ಕಟ್ಟಿ ಮುಳುಗುವಂತಿಲ್ಲ, ಬಾಯಲ್ಲಿ ಉಸಿರಿನ ಕೊಳವೆ ಇಟ್ಟುಕೊಂಡು ನೀರಿನ ಮೇಲ್ಭಾಗದಲ್ಲಿ ತೇಲುವ ಸ್ನಾರ್ಕೆಲ್ ಮಾತ್ರ, ಅದೂ 45 ನಿಮಿಷ.

ಸರಿ, ರಜೆಯಲ್ಲಿ ಯಾವ ದಿನ ಹೋಗಬೇಕು? ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಉಬ್ಬರವಿಳಿತ ಜೋರಾಗಿರುತ್ತದೆ, ಕೊಲ್ಲಿಗೆ ತಿಂಡಿ ಜಾಸ್ತಿ ಬಂದು ಸೇರುತ್ತದೆ. ಇದು ಓದಿದ ತಕ್ಷಣ ನಾನು ಗೋಡೆಗೆ ತೂಗುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆದೆ. ದಸರಾ ಶುರುವಾಗುವುದೇ ಮಹಾಲಯ ಅಮಾವಾಸ್ಯೆ ಮುಗಿದ ಮೇಲೆ! ಸ್ಕೂಲು ರಜೆ, ಕಡಿಮೆ ದರ, ಅಮಾವಾಸ್ಯೆಯ ಉಬ್ಬರ, ಮೂರೂ ಒಂದೇ ವಾರದಲ್ಲಿ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಈ ಲೆಕ್ಕ ನನ್ನದೇ. ಸೆಪ್ಟೆಂಬರ್ 21 ಭಾನುವಾರ ಇವರು ತರ್ಪಣ ಮುಗಿಸಿದರು. ಸೋಮವಾರ ಪಾಡ್ಯದ ನಸುಕಿಗೆ ಬೆಂಗಳೂರು ಏರ್‌ಪೋರ್ಟಿನ ಫ್ಲೈಬಸ್ ಹತ್ತಿದೆವು. "ಊರೆಲ್ಲ ದಸರಾಕ್ಕೆ ಮೈಸೂರಿಗೆ ಬಂದರೆ ನೀವು ಮನೆಗೆ ಬೀಗ ಹಾಕಿ ಹೊರಟಿರಾ" ಎಂದು ಅತ್ತೆ ಬೇಜಾರು ಮಾಡಿಕೊಂಡರು. ಗೊಂಬೆ ಕೂರಿಸುವ ಜವಾಬ್ದಾರಿಯನ್ನು ಓರಗಿತ್ತಿ ವಹಿಸಿಕೊಂಡಳು, ಅವಳ ಋಣ ನನ್ನ ಮೇಲಿದೆ.

ದುಡ್ಡು ಉಳಿಸಿದ್ದು ಮುಖ್ಯವಾಗಿ ಇನ್ನೊಂದು ಟ್ರಾನ್ಸ್‌ಫರ್‌ನಲ್ಲಿ, ಅಂದರೆ ರಾಜಧಾನಿ ಮಾಲೆಯ ಏರ್‌ಪೋರ್ಟಿನಿಂದ ರೆಸಾರ್ಟಿಗೆ ಹೋಗಿಬರುವುದರಲ್ಲಿ. ರೂಮಿಗೆ ಪಾಯಿಂಟ್ಸ್ ಕೊಟ್ಟರೂ ನೀರಿನ ಮೇಲೆ ಇಳಿಯುವ ಸೀಪ್ಲೇನ್‌ಗೆ ಡಾಲರ್ ಕೊಡಲೇಬೇಕು. ದೊಡ್ಡವರಿಗೆ ಹೋಗಿಬರಲು 500, 600 ಡಾಲರ್ ಅನ್ನುತ್ತಾರೆ. ಅದು ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿದರೆ ಮಾಲೆಯ ಕಡೆ ಒಂದು ರಾತ್ರಿಯ ರೂಮು ದಂಡ. ಅಕ್ಕನ ಮನೆಯವರಿಗೆ ಹಿಂದೆ ಏಜೆಂಟ್ ಒಬ್ಬ ಹೀಗೇ ಮಾಡಿ, ನಾಲ್ಕು ರಾತ್ರಿಯ ಪ್ಯಾಕೇಜಿನಲ್ಲಿ ಮೊದಲ ರಾತ್ರಿ ಏರ್‌ಪೋರ್ಟ್ ಪಕ್ಕದ ಹೋಟೆಲಿನಲ್ಲೇ ಕಳೆಯಿಸಿದ್ದ. ಆದರೆ ಬಾ ಅಟಾಲ್‌ನಲ್ಲೇ ಧರವಂಧೂ ಎಂಬ, ಅಲ್ಲಿನ ಜನ ವಾಸವಿರುವ ಊರಿನ ದ್ವೀಪದಲ್ಲಿ ಏರ್‌ಪೋರ್ಟ್ ಇದೆ. ಮಾಲೆಯಿಂದ ಪ್ರೊಪೆಲ್ಲರ್ ವಿಮಾನದಲ್ಲಿ ಅರ್ಧ ಗಂಟೆಯೊಳಗೆ ಹೋಗಬಹುದು. ಆ ಟಿಕೆಟ್ಟನ್ನು ನಾವೇ ಬುಕ್ ಮಾಡಿದೆವು. ರೆಸಾರ್ಟಿಗೆ ಮೇಲ್ ಬರೆದು ಧರವಂಧೂನಿಂದ ಸ್ಪೀಡ್‌ಬೋಟ್ ಮಾತ್ರ ಕೊಡಿ ಎಂದು ಕೇಳಿದೆ. ಮೊದಲ ಮೇಲ್‌ಗೆ ಆಗುವುದಿಲ್ಲ ಎಂದು ಉತ್ತರ ಬಂತು, ಎರಡನೆಯದಕ್ಕೆ ಆಯಿತು ಎಂದು ಬಂತು. ಎರಡನೆಯ ಮೇಲ್‌ನಲ್ಲಿ ಏನು ಬರೆದೆ ಎನ್ನುವುದು ನನ್ನ ಹತ್ತಿರವೇ ಇರಲಿ. ಮೂರೂ ಜನರ ಟ್ರಾನ್ಸ್‌ಫರ್ ಐವತ್ತು ಸಾವಿರ ರೂಪಾಯಿ ಚಿಲ್ಲರೆಯಲ್ಲಿ ಮುಗಿಯಿತು. ಸೀಪ್ಲೇನ್ ಆಗಿದ್ದರೆ ಲಕ್ಷ ದಾಟುತ್ತಿತ್ತು.

ರೆಸಾರ್ಟಿಗೆ ಹೋಗುವ ಮೊದಲು ಧರವಂಧೂನಲ್ಲೇ ಎರಡು ರಾತ್ರಿ ಗೆಸ್ಟ್‌ಹೌಸಿನಲ್ಲಿ ಉಳಿದೆವು. ರಾತ್ರಿಗೆ 80 ಡಾಲರ್ ಇರಬೇಕು, ತಿಂಡಿ ಸೇರಿ. ಇದನ್ನು ಗೆಳೆಯರು ಒಪ್ಪಲೇ ಇಲ್ಲ, ಲಕ್ಷುರಿ ಟ್ರಿಪ್ಪಿನಲ್ಲಿ ಗೆಸ್ಟ್‌ಹೌಸ್ ಯಾಕೆ ಎಂದರು. ಯಾಕೆಂದರೆ ಹನಿಫಾರು ಅಲ್ಲಿಂದ ದೋಣಿಯಲ್ಲಿ ಐದು ಹತ್ತು ನಿಮಿಷ. ರೆಸಾರ್ಟುಗಳಿಂದ ಹೋದರೆ ತಲೆಗೆ 150 ಡಾಲರ್ ಆಗುವ ಅದೇ ಟ್ರಿಪ್ಪು ಇಲ್ಲಿ ಅರ್ಧಕ್ಕಿಂತ ಕಡಿಮೆ. ಗೆಸ್ಟ್‌ಹೌಸಿನ ಹುಡುಗರು ಮಾಂಟಾ ಬಂದಿವೆಯಾ ಎಂದು ಫೋನಿನಲ್ಲಿ ಕೇಳಿಕೊಂಡು, ಬಂದಿದ್ದರೆ ಮಾತ್ರ ಹೊರಡುತ್ತಾರೆ. ಬೆಳಿಗ್ಗೆ ರೋಶಿ, ಅಂದರೆ ನಮ್ಮ ಚಪಾತಿಯೇ. ನಾವು ಟ್ಯೂನಾ ಮೀನು ತಿನ್ನದವರು ಎಂದ ಮೇಲೆ ಜೊತೆಗೆ ಬೇಳೆ ಸಾರು ಮಾಡಿ ಕೊಟ್ಟರು. ಊರಿನ ದ್ವೀಪದಲ್ಲಿ ಮದ್ಯ ಇಲ್ಲ, ಮೈ ತುಂಬ ಬಟ್ಟೆ ಇರಬೇಕು. ನಮಗೆ ಅದೇನು ಕಷ್ಟ?

ಮೊದಲ ಮಧ್ಯಾಹ್ನ ಹೋದಾಗ ಏನೂ ಇಲ್ಲ. ಸುತ್ತ ಕಲಕಿದ ಹಸಿರು ನೀರು, ಮೇಲೆ ಸೋನೆ ಮಳೆ, ಇವರಿಗೆ ದೋಣಿಯಲ್ಲಿ ವಾಂತಿ. ಮರುದಿನ ಫೋನ್ ಬಂತು, ಓಡಿ ಎಂದರು. ನೀರಿಗಿಳಿದ ಮೇಲೂ ಮೊದಲು ಏನೂ ಕಾಣಲಿಲ್ಲ. ಗೈಡ್ ನನ್ನ ಭುಜ ಹಿಡಿದು ತಿರುಗಿಸಿದ. ನೇರ ನನ್ನ ಕಡೆಗೇ ಒಂದು ಬರುತ್ತಿದೆ, ಬಾಯಿ ಮೊರದ ಹಾಗೆ ಅಗಲ ತೆರೆದಿದೆ, ಒಳಗಿನ ಕಿವಿರಿನ ಬಿಳಿ ಪಟ್ಟಿಗಳೂ ಕಾಣುತ್ತಿವೆ. ಮೂರು ಮೀಟರ್ ಅಗಲ ಇತ್ತೇನೋ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ಹೊಟ್ಟೆ ಮೇಲಾಗಿಸಿ, ನನ್ನ ಕೆಳಗಿನಿಂದ ಜಾರಿಹೋಯಿತು. ಹೊಟ್ಟೆಯ ಮೇಲೆ ಕಪ್ಪು ಚುಕ್ಕೆಗಳು. ಒಂದೊಂದರ ಚುಕ್ಕೆ ಒಂದೊಂದು ಥರ, ಅದನ್ನು ನೋಡಿಯೇ ಸಂಶೋಧಕರು ಯಾವ ಮಾಂಟಾ ಎಂದು ಗುರುತು ಹಿಡಿಯುತ್ತಾರೆ. ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಸಾಲಾಗಿ. ಮಗಳದು ಸರಸ್ವತಿಪುರಂ ಈಜುಕೊಳದಲ್ಲಿ ಕಲಿತ ಈಜು, ಲೈಫ್ ಜಾಕೆಟ್ ಹಾಕಿಕೊಂಡು ನನಗಿಂತ ಧೈರ್ಯವಾಗಿ ಮುಂದೆ ಹೋದಳು. 45 ನಿಮಿಷ ಆಯಿತು ಎಂದು ರೇಂಜರ್ ಕರೆದಾಗ ಅವಳನ್ನು ದೋಣಿಗೆ ಹತ್ತಿಸುವುದೇ ಕಷ್ಟವಾಯಿತು.

ಅದಾದ ಮೇಲೆ ಐದು ರಾತ್ರಿ ರೆಸಾರ್ಟಿನ ಸುಖ. ಮಳೆ ಬಂತಾ? ಬಂತು. ಎರಡು ಮಧ್ಯಾಹ್ನ ಜೋರಾಗಿ ಬಂತು, ಒಂದು ರಾತ್ರಿ ಪೂರ್ತಿ ಬಂತು. ಮೈಸೂರಿನ ಮೋಡ ಮುಚ್ಚಿದ ದಿನಕ್ಕಿಂತ ಜಾಸ್ತಿ ಬಿಸಿಲನ್ನೇ ಕಂಡೆವು. ಬೀಚಿನ ಬದಿಯ ರೂಮು ಕೊಟ್ಟಿದ್ದರು. ನೀರಿನ ಮೇಲಿನ ವಿಲ್ಲಾಕ್ಕೆ ದಿನಕ್ಕೆ ನೂರು ಡಾಲರಿನಷ್ಟು ಜಾಸ್ತಿ ಕೇಳಿದರು, ಕೊನೆಯ ಒಂದು ರಾತ್ರಿಗೆ ಮಾತ್ರ ಕೊಟ್ಟೆವು. ಒಂದು ರಾತ್ರಿ ಸಾಕು. ಮಕ್ಕಳಿದ್ದರೆ ಬೀಚಿನ ಬದಿಯದೇ ವಾಸಿ, ಬಾಗಿಲು ತೆಗೆದರೆ ಮರಳು.

ಊಟದ ಲೆಕ್ಕ ಸರಿಯಾಗಿ ಕೇಳಿ. ಮೆನುವಿನಲ್ಲಿ ಬರೆದ ದರಕ್ಕೆ 10 ಪರ್ಸೆಂಟ್ ಸರ್ವೀಸ್ ಚಾರ್ಜ್, ಎರಡೂ ಸೇರಿದ ಮೊತ್ತಕ್ಕೆ 17 ಪರ್ಸೆಂಟ್ ಅವರ ಜಿಎಸ್‌ಟಿ. 2025ರ ಜುಲೈಗೆ ಮುಂಚೆ ಅದು 16 ಇತ್ತು. 30 ಡಾಲರಿನ ಪಿಜ್ಜಾ ಅಂದರೆ ಬಿಲ್ಲಿನಲ್ಲಿ 38 ಡಾಲರ್ 61 ಸೆಂಟ್ಸ್. ಜೊತೆಗೆ ಹಸಿರು ತೆರಿಗೆ, ಒಬ್ಬರಿಗೆ ರಾತ್ರಿಗೆ 12 ಡಾಲರ್. ಪಾಯಿಂಟ್ಸ್‌ನವರಿಗೂ ಬಿಡುವುದಿಲ್ಲ. ನಮ್ಮ ಮೂವರಿಗೆ ಐದು ರಾತ್ರಿಗೆ 180. 2024ರವರೆಗೆ ಇದರ ಅರ್ಧ ಇತ್ತು. ಮೂರು ಹೊತ್ತಿನ ಪ್ಯಾಕೇಜು ತೆಗೆದುಕೊಳ್ಳಲಿಲ್ಲ. ಸಸ್ಯಾಹಾರಿಗಳಿಗೆ ಅದು ದಂಡ, ಪಕ್ಕದ ಮೇಜಿನವರ ಸೀಗಡಿಗೂ ನಾವೇ ಕೊಟ್ಟ ಹಾಗೆ. ಬೆಳಗಿನ ಬುಫೆಯನ್ನು ಹತ್ತು ಗಂಟೆಗೆ ಹೋಗಿ ಹೊಟ್ಟೆ ತುಂಬ ತಿನ್ನುವುದು. ಮಧ್ಯಾಹ್ನ ಮೂರಕ್ಕೆ ರೂಮಿನಲ್ಲೇ ಏನಾದರೂ, ರಾತ್ರಿ ಒಂದು ಒಳ್ಳೆ ಊಟ. ಮಧ್ಯಾಹ್ನಕ್ಕೆಂದು ಒಂದು ಪ್ರಯೋಗ ಮಾಡಿದೆ. ಕೆಟಲ್‌ನ ಬಿಸಿ ನೀರಿಗೆ ಗೊಜ್ಜವಲಕ್ಕಿ ಪುಡಿ ಚೆನ್ನಾಗಿ ಅರಳಿತು, ರೆಡಿ ಉಪ್ಪಿಟ್ಟು ಗಂಟುಗಂಟಾಯಿತು, ಶಾವಿಗೆ ಪರವಾಗಿಲ್ಲ. ಗೊಜ್ಜವಲಕ್ಕಿಯನ್ನು ಮನೆಯಲ್ಲೇ ಸ್ವಲ್ಪ ತರಿತರಿಯಾಗಿ ಪುಡಿ ಮಾಡಿಕೊಂಡು ಹೋಗಿ, ನುಣ್ಣಗಾದರೆ ಮುದ್ದೆಯಾಗುತ್ತದೆ.

ತಾಜ್ ವೋಚರುಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಎರಡು ವರ್ಷಕ್ಕೆ ಬಂದ ನಾಲ್ಕರಲ್ಲಿ ಎರಡನ್ನು ಬೆಂಗಳೂರಿನ ತಾಜ್ ವೆಸ್ಟ್ ಎಂಡ್‌ನಲ್ಲಿ ಒಂದು ರಾತ್ರಿಗೆ ಬಳಸಿದೆವು. 1887ರಲ್ಲಿ ಬೋರ್ಡಿಂಗ್ ಹೌಸ್ ಆಗಿ ಶುರುವಾದ ಜಾಗ, ರೇಸ್ ಕೋರ್ಸ್ ರಸ್ತೆಯ ಗದ್ದಲದ ಪಕ್ಕದಲ್ಲೇ ಇಪ್ಪತ್ತು ಎಕರೆ ಮರಗಳು. ಸಂಜೆ ಆ ಮರಗಳ ಕೆಳಗೆ ಕಾಫಿ ಕುಡಿಯುತ್ತಾ ಕೂತಾಗ ಇವರು "ಇಷ್ಟಕ್ಕೆ ಮಾಲ್ಡೀವ್ಸ್ ಯಾಕೆ ಬೇಕಿತ್ತು" ಎಂದರು. ಉಳಿದೆರಡು ವೋಚರುಗಳನ್ನು ಅತ್ತೆ, ಮಾವನವರಿಗೆ ಕೊಟ್ಟಿದ್ದೇವೆ, ಅವರು ಇನ್ನೂ ಬಳಸಿಲ್ಲ.

ಮುಂದಿನ ಸಲಕ್ಕೆ ಲೆಕ್ಕ ಹಾಕುವವರಿಗೆ ಒಂದು ಮಾತು. 2026ರಲ್ಲಿ ಅಧಿಕ ಮಾಸ ಇರುವುದರಿಂದ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ ಹೋಗಿದೆ. ಹನಿಫಾರುವಿಗೆ ಆಗಲೂ ಸೀಸನ್ ಇರುತ್ತದೆ, ಆದರೆ ಬಾಲದ ಕಡೆಗೆ. ರೂಮು ಈಗಲೇ ಹಿಡಿದಿಡಿ, ಪಾಯಿಂಟ್ಸ್ ಆಮೇಲೆ ತುಂಬಿಸಿ. ಧರವಂಧೂ ವಿಮಾನದ ಟಿಕೆಟ್ಟನ್ನು ಮಾತ್ರ ರೆಸಾರ್ಟಿನವರು ಸ್ಪೀಡ್‌ಬೋಟ್‌ಗೆ ಒಪ್ಪಿ ಮೇಲ್ ಕಳಿಸಿದ ಮೇಲೆಯೇ ತೆಗೆದುಕೊಳ್ಳಿ.