ಈಡಿಗೆ ಮೊದಲೇ ಮುಚ್ಚುವ ಕಣ್ಣು: ಬಿಡಿಸುವುದು ಹೇಗೆ?

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂತೆಂದರೆ ನಮ್ಮೂರ ಮೈದಾನದಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟುತ್ತಾರೆ. ಕೋವಿ ಏರಿಸಿದವರು ಚೆನ್ನಾಗಿಯೇ ಗುರಿ ಇಡುತ್ತಾರೆ. ಬೆರಳು ಎಳೆಯುವ ಹೊತ್ತಿಗೆ ಕಣ್ಣು ಮುಚ್ಚುತ್ತದೆ, ಹೆಗಲು ಕುಗ್ಗುತ್ತದೆ, ನಳಿಗೆ ಬಾಗುತ್ತದೆ. ಕಾಯಿ ಅಲ್ಲೇ ನೇತಾಡುತ್ತಿರುತ್ತದೆ. ಬೈಗುಳ ಮಾತ್ರ ಕೋವಿಗೆ!

ಇಲ್ಲಿ ಎರಡು ಮಿಟುಕುಗಳಿವೆ. ಜೋರು ಸದ್ದಾದ ಮೇಲೆ ಬರುವುದು ನಿಜವಾದ ರಿಫ್ಲೆಕ್ಸ್. ಮಿದುಳಿನ ಬುಡವೇ ಅದನ್ನು ನಡೆಸುತ್ತದೆ, ನಮ್ಮನ್ನು ಕೇಳುವುದಿಲ್ಲ. ಸುಮಾರು 40 ಮಿಲಿಸೆಕೆಂಡಿಗೆ ರೆಪ್ಪೆ ಮುಚ್ಚತೊಡಗುತ್ತದೆ. ನಾವು ಬೇಕೆಂದು ಬೆರಳು ಅಲ್ಲಾಡಿಸಲೂ 150ರ ಮೇಲೆ ಬೇಕು. ಅದನ್ನು ತಡೆಯಲು ಹೋಗಬೇಡಿ. ತಡೆಯುವ ಅಗತ್ಯವೂ ಇಲ್ಲ, ಅಷ್ಟರಲ್ಲಿ ಚರೆ ನಳಿಗೆ ದಾಟಿ ಹೋಗಿರುತ್ತದೆ. ಗುರಿ ಕೆಡಿಸುವುದು ಸದ್ದಿಗೆ ಮುಂಚಿನ ಮಿಟುಕು. ಹಿಂದೆ ಕೋವಿಯ ಒದೆ ತಿಂದ ಮಿದುಳು ಈ ಸಲ ಮೊದಲೇ ಹುಷಾರಾಗುತ್ತದೆ, ಅಷ್ಟೆ. ಕಲಿತ ಚಟವಾದ್ದರಿಂದ ಬಿಡಿಸಬಹುದು.

ಮೊದಲು ಕಿವಿ. ಕೋವಿಯ ಸದ್ದು 140 ಡೆಸಿಬೆಲ್ ದಾಟುತ್ತದೆ. ಹತ್ತಿ ತುರುಕಿಕೊಂಡು ಬರುವುದು ಸುಮ್ನೆ ಸಮಾಧಾನಕ್ಕೆ. ಒಳ್ಳೆಯ ಇಯರ್ ಮಫ್ ಕೊಳ್ಳಿ. ಸದ್ದು ತಗ್ಗಿದರೆ ಅರ್ಧ ಹೆದರಿಕೆ ಹೋಗುತ್ತದೆ. ಆಮೇಲೆ ಕೋವಿಯನ್ನು ಹೆಗಲಿಗೆ ಬಿಗಿಯಾಗಿ ಒತ್ತಿಕೊಳ್ಳಿ. ಸಂದು ಬಿಟ್ಟರೆ ಒದೆ ಜಾಸ್ತಿ.

ಇನ್ನು ಎಲ್ಲರೂ ಎಡವುವ ಜಾಗ. ಲೈಸೆನ್ಸ್ ಇರುವ ಅನುಭವಿ ಒಬ್ಬರು ಜೊತೆಗಿರಲಿ, ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿರಲಿ. ತೋಟಾ ತುಂಬುವ ಕೆಲಸ ಅವರದ್ದು. ನೀವು ಆ ಕಡೆ ತಿರುಗಿ ನಿಲ್ಲಿ. ಹತ್ತು ಸಲದಲ್ಲಿ ಆರೇಳು ಸಲ ಅವರು ಡಮ್ಮಿ, ಅಂದರೆ ಮದ್ದಿಲ್ಲದ ಸುಳ್ಳು ತೋಟಾ, ಹಾಕಬೇಕು. ಯಾವಾಗ ಯಾವುದೆಂದು ನಿಮಗೆ ಗೊತ್ತಾಗಬಾರದು. ಗುರಿ ಇಟ್ಟು ಎಳೆಯಿರಿ. ಡಮ್ಮಿಯಾದರೆ 'ಟಕ್' ಅಷ್ಟೇ. ಆದರೂ ನಳಿಗೆ ಗಕ್ಕನೆ ಬಾಗುವುದನ್ನು ನೀವೇ ನೋಡುತ್ತೀರಿ! ಮೊದಲ ಸಲ ನನಗೆ ನಾಚಿಕೆಯಾಗಿತ್ತು. ಸದ್ದು ಬಾರದಿದ್ದರೂ ನಳಿಗೆ ಗುರಿಯತ್ತಲೇ ಇರಲಿ, ತಿರುಗಿಸಬೇಡಿ.

ಎಳೆಯುವ ರೀತಿಯೂ ಮುಖ್ಯ. 'ಈಗ ಹೊಡೀತೀನಿ' ಎಂದುಕೊಂಡು ಎಳೆದರೆ ಕಣ್ಣಿಗೂ ಸುದ್ದಿ ಮುಟ್ಟುತ್ತದೆ. ಬೆರಳನ್ನು ಒಂದೇ ಸಮನೆ, ನಿಧಾನವಾಗಿ ಒತ್ತುತ್ತಾ ಹೋಗಿ. ಈಡು ಯಾವ ಕ್ಷಣ ಹಾರುತ್ತದೆಂದು ನಿಮಗೇ ತಿಳಿಯಬಾರದು. ನಿಮ್ಮ ಗಮನ ಬೆರಳಿನ ಮೇಲೆ ಬೇಡ, ಕಾಯಿಯ ಮೇಲಿರಲಿ. ಹತ್ತು ಡಮ್ಮಿಗೂ ನಳಿಗೆ ಅಲುಗದಿದ್ದರೆ ಮುಂದಿನ ಸಲ ಡಮ್ಮಿ ಕಡಿಮೆ ಮಾಡಿ.

'ಧೈರ್ಯ ಮಾಡೋ' ಎಂದು ಹಿಂದಿನಿಂದ ಕೂಗುವ ಮಾವಂದಿರನ್ನು ದೂರ ಕೂರಿಸಿ. ಒಂದು ಪೆಗ್ ಹಾಕಿದರೆ ಕೈ ನಿಲ್ಲುತ್ತದೆ ಎನ್ನುವವರ ಕೈಗೆ ಕೋವಿಯನ್ನೇ ಕೊಡಬೇಡಿ. ಮಕ್ಕಳಿಗೆ, ಹೊಸಬರಿಗೆ ಏರ್ ಗನ್ನೇ ಸರಿ. ಅದರಲ್ಲಿ ಒದೆಯೇ ಇಲ್ಲದಂತೆ, ಹಾಗಾಗಿ ಚಟವೂ ಹತ್ತುವುದಿಲ್ಲ.

ಹೆಗಲು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ನೋವಿನಲ್ಲಿ ಹೊಡೆದರೆ ಹಳೆ ಹೆದರಿಕೆ ಒಂದೇ ಸಂಜೆಗೆ ವಾಪಸ್ ಬರುತ್ತದೆ. ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಒರೆಸಿ, ಬೀಗ ಹಾಕಿಡಿ.