ಮೌಸ್ ಮುಟ್ಟದೆ ಆಡಿಯೊ ಕತ್ತರಿಸುವುದು: ನನ್ನ ಅನುಭವ

ಮಾತಿನ ರೆಕಾರ್ಡಿಂಗ್ ತಿದ್ದುವಾಗ ಮೌಸ್‌ನಿಂದ ಎಳೆದು ಆಯ್ಕೆ ಮಾಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಎಳೆಯುವಾಗ ನಾವು ಪರದೆಯ ಮೇಲಿನ ಧ್ವನಿಯ ಅಲೆಯ ಚಿತ್ರ ನೋಡಿ ಕತ್ತರಿಸುತ್ತೇವೆ. ಆದರೆ ಪದ ಎಲ್ಲಿ ಮುಗಿಯಿತು ಎನ್ನುವುದು ಚಿತ್ರದಲ್ಲಿ ಅರ್ಧ ಮಾತ್ರ ಕಾಣುತ್ತದೆ. ಕೆಳಗಿನ ಕೀಗಳೆಲ್ಲ ಆಡಾಸಿಟಿ ಎಂಬ ಆಡಿಯೊ ತಿದ್ದುವ ಸಾಫ್ಟ್‌ವೇರಿನ 3ನೇ ಸರಣಿಯವು, ವಿಂಡೋಸ್‌ನಲ್ಲಿದ್ದಂತೆ. ಮ್ಯಾಕ್‌ನಲ್ಲಿ ಬಹುತೇಕ ಕಡೆ ಕಂಟ್ರೋಲ್ ಬದಲು ಕಮಾಂಡ್.

ಸ್ಪೇಸ್ ಒತ್ತಿ ಕೇಳಲು ಶುರು ಮಾಡುತ್ತೇನೆ. ತೆಗೆಯಬೇಕಾದ ಭಾಗ ಶುರುವಾದ ಕೂಡಲೇ [ ಕೀ, ಮುಗಿದ ಕೂಡಲೇ ] ಕೀ. ಆಡಿಯೊ ಓಡುತ್ತಿರುವಾಗಲೇ ಆಯ್ಕೆಯ ಎರಡೂ ಅಂಚುಗಳು ಬಿದ್ದಿರುತ್ತವೆ. ಕಿವಿ ಕೇಳಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡು ತಡವಾಗುವುದರಿಂದ ಎರಡೂ ಅಂಚುಗಳು ಬಲಕ್ಕೆ ಸರಿದಿರುತ್ತವೆ. ಇದು ಸಹಜ, ಆಮೇಲೆ ಸರಿ ಮಾಡಿಕೊಂಡರಾಯಿತು. ನಿಲ್ಲಿಸಲು ಸ್ಪೇಸ್ ಒತ್ತಿದರೆ ಕರ್ಸರ್ ಹೊರಟ ಜಾಗಕ್ಕೇ ಮರಳುತ್ತದೆ. ನಿಂತ ಜಾಗದಲ್ಲೇ ಕರ್ಸರ್ ಬೇಕಿದ್ದರೆ ಎಕ್ಸ್ ಒತ್ತಿ.

ಅಂಚು ಸರಿಪಡಿಸುವ ಮೊದಲು ಕಂಟ್ರೋಲ್+ಇ ಒತ್ತಿ ಆಯ್ಕೆಯನ್ನು ಪರದೆ ತುಂಬಿಸಿ, ಕಂಟ್ರೋಲ್+3 ಒಮ್ಮೆ ಒತ್ತಿ ಸ್ವಲ್ಪ ಜೂಮ್ ಔಟ್ ಮಾಡಿ. ಇದನ್ನು ಬಿಟ್ಟವರೇ ಬಾಣದ ಕೀ ಕೆಲಸಕ್ಕೆ ಬಾರದು ಎನ್ನುವುದು. ಬಾಣ ಒಮ್ಮೆ ಒತ್ತಿದರೆ ಅಂಚು ಪರದೆಯ ಒಂದು ಪಿಕ್ಸೆಲ್‌ನಷ್ಟು ಸರಿಯುತ್ತದೆ. ಒಂದು ಗಂಟೆಯ ರೆಕಾರ್ಡಿಂಗ್ ಪೂರ್ತಿ ಪರದೆಯಲ್ಲಿದ್ದರೆ ಆ ಒಂದು ಪಿಕ್ಸೆಲ್ ಎಂದರೆ ಸೆಕೆಂಡುಗಳೇ. ಶಿಫ್ಟ್+ಎಡಬಾಣ ಎಡ ಅಂಚನ್ನು ಎಡಕ್ಕೆ, ಶಿಫ್ಟ್+ಬಲಬಾಣ ಬಲ ಅಂಚನ್ನು ಬಲಕ್ಕೆ ಹಿಗ್ಗಿಸುತ್ತದೆ. ಕಂಟ್ರೋಲ್ ಕೂಡ ಸೇರಿಸಿದರೆ ಕುಗ್ಗುತ್ತದೆ: ಬಲಬಾಣಕ್ಕೆ ಎಡ ಅಂಚು ಒಳಬರುತ್ತದೆ, ಎಡಬಾಣಕ್ಕೆ ಬಲ ಅಂಚು ಒಳಬರುತ್ತದೆ. ಇದೊಂದು ಮೊದಮೊದಲು ತಿರುಗುಮುರುಗು ಅನ್ನಿಸುತ್ತದೆ, ಎರಡು ದಿನಕ್ಕೆ ಕೈಗೆ ಹತ್ತುತ್ತದೆ.

ಈಗ ಡಿಲೀಟ್ ಅಲ್ಲ, ಸಿ ಒತ್ತಿ. ಆಯ್ಕೆಯ ಹಿಂದಿನ 2 ಸೆಕೆಂಡು, ಮುಂದಿನ 1 ಸೆಕೆಂಡು ನಡುವಿನದನ್ನು ಬಿಟ್ಟು ಕೇಳಿಸುತ್ತದೆ. ಕತ್ತರಿಸಿದ ಮೇಲೆ ಹೇಗಿರುತ್ತದೆ ಎಂಬುದು ಕತ್ತರಿಸುವ ಮೊದಲೇ ಗೊತ್ತಾಗುತ್ತದೆ. ಇಡೀ ಸಾಫ್ಟ್‌ವೇರಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕೀ ಇದೇ. ಈ ಅವಧಿಗಳನ್ನು ಪ್ರಿಫರೆನ್ಸಸ್‌ನ ಪ್ಲೇಬ್ಯಾಕ್ ಪುಟದಲ್ಲಿ ಬದಲಿಸಬಹುದು. ಮುಂದಿನದು 2 ಸೆಕೆಂಡು ಇದ್ದರೆ ವಾಕ್ಯದ ಲಯ ಚೆನ್ನಾಗಿ ತಿಳಿಯುತ್ತದೆ.

ಕನ್ನಡದ ಮಾತು ಕತ್ತರಿಸುವವರು ಒತ್ತಕ್ಷರವನ್ನು ಗಮನಿಸಲೇಬೇಕು. 'ಹತ್ತು', 'ಅಕ್ಕ', 'ಅಪ್ಪ' ಎನ್ನುವಾಗ ನಡುವೆ ನಾಲಿಗೆಯೋ ತುಟಿಯೋ ಉಸಿರನ್ನು ತಡೆದು ಹಿಡಿಯುತ್ತದೆ. ಅಲೆಯಲ್ಲಿ ಅಲ್ಲಿ ಚಪ್ಪಟೆ ಗೆರೆ ಕಾಣುತ್ತದೆ, ಥೇಟ್ ಮೌನದ ಹಾಗೆ. ಅದು ಮೌನವಲ್ಲ, ಅಕ್ಷರದ ಭಾಗ. ಅರ್ಧ ತೆಗೆದರೆ 'ಕತ್ತೆ' ಹೋಗಿ 'ಕತೆ' ಆಗುತ್ತದೆ. ಪದದ ಮೊದಲಲ್ಲಿ ಕ, ಟ, ಪ ಇದ್ದರೂ ಅಷ್ಟೇ: ತಡೆದ ಉಸಿರು ಒಮ್ಮೆಲೇ ಹೊರಬರುವ ಸ್ಫೋಟಕ್ಕೆ ಅಂಟಿಸಿ ಕತ್ತರಿಸಬೇಡಿ, ಮುಂಚಿನ ಸಣ್ಣ ಬಿಡುವನ್ನು ಉಳಿಸಿ. ಮೌನವನ್ನು ತಾನಾಗಿ ಕುಗ್ಗಿಸುವ ಟ್ರಂಕೇಟ್ ಸೈಲೆನ್ಸ್ ಎಫೆಕ್ಟ್‌ನಲ್ಲಿ ಮಿತಿ ಮೊದಲೇ −20 ಡೆಸಿಬೆಲ್, ಅವಧಿ 0.5 ಸೆಕೆಂಡು ಎಂದಿರುತ್ತದೆ. ಅವಧಿಯನ್ನು 0.1ಕ್ಕೆ ಇಳಿಸಿದರೆ ಒತ್ತಕ್ಷರಗಳು ಸವೆಯುತ್ತವೆ. ದನಿ ಮೆಲ್ಲಗಿದ್ದರೆ −20 ಡೆಸಿಬೆಲ್ ಮಿತಿಯೇ ವಾಕ್ಯದ ಕೊನೆಯ ಮೆತ್ತನೆಯ ಪದಗಳನ್ನೂ ಮೌನವೆಂದು ತಿನ್ನುತ್ತದೆ.

ಕತ್ತರಿಸಿದ ಕಡೆ 'ಟಕ್' ಎಂದು ಕೇಳಿಸುವುದಕ್ಕೆ ಕಾರಣ, ಎರಡು ತುದಿಗಳ ಎತ್ತರ ಹೊಂದದೆ ಅಲೆ ಒಮ್ಮೆಲೇ ಜಿಗಿಯುವುದು. ಡಿಲೀಟ್‌ಗೆ ಮೊದಲು ಜೆಡ್ ಒತ್ತಿದರೆ ಎರಡೂ ಅಂಚುಗಳು ಅಲೆ ಸೊನ್ನೆಯ ನಡುಗೆರೆಯನ್ನು ದಾಟುವ ಹತ್ತಿರದ ಜಾಗಕ್ಕೆ ಸರಿಯುತ್ತವೆ. ಸ್ಟೀರಿಯೊದಲ್ಲಿ ಇದು ಸದಾ ಫಲಿಸದು, ಎರಡು ಚಾನೆಲ್‌ಗಳು ಒಂದೇ ಕ್ಷಣದಲ್ಲಿ ಸೊನ್ನೆ ದಾಟುವುದಿಲ್ಲ. ಅಲೆಯೇ ನಡುಗೆರೆಯಿಂದ ಮೇಲಕ್ಕೋ ಕೆಳಕ್ಕೋ ವಾಲಿದ್ದರೆ ಮೊದಲು ನಾರ್ಮಲೈಸ್ ಎಫೆಕ್ಟ್‌ನಲ್ಲಿ ಡಿಸಿ ಆಫ್‌ಸೆಟ್ (ಆ ವಾಲುವಿಕೆಯ ಹೆಸರು) ತೆಗೆಯಿರಿ. ಆಮೇಲೂ ಸದ್ದು ಉಳಿದರೆ ಆ ಜಾಗಕ್ಕೆ ಜೂಮ್ ಮಾಡಿ, ಅಷ್ಟನ್ನೇ ಆಯ್ಕೆ ಮಾಡಿ ರಿಪೇರ್ ಎಫೆಕ್ಟ್ ಹಾಕಿ. ಅದು 128 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ವರೆಗೆ ಮಾತ್ರ ಕೆಲಸ ಮಾಡುತ್ತದೆ, 44,100 ಹರ್ಟ್ಸ್‌ನಲ್ಲಿ ಸುಮಾರು 3 ಮಿಲಿಸೆಕೆಂಡು.

ಡಿಲೀಟ್ ಆಯ್ಕೆಯನ್ನು ತೆಗೆಯುತ್ತದೆ. ಕಂಟ್ರೋಲ್+ಟಿ ಆಯ್ಕೆಯನ್ನು ಉಳಿಸಿ ಸುತ್ತಲಿನದನ್ನು ತೆಗೆಯುತ್ತದೆ. ಅದಲುಬದಲಾದರೆ ಕೂಡಲೇ ಕಂಟ್ರೋಲ್+ಜೆಡ್. ಕಂಟ್ರೋಲ್+ಎಲ್ ಶುದ್ಧ ಮೌನ ತುಂಬುತ್ತದೆ, ಮಾತಿನ ನಡುವೆ ಅದು ಗುಂಡಿಯ ಹಾಗೆ ಕೇಳಿಸುತ್ತದೆ. ಅದರ ಬದಲು ಅದೇ ಕೋಣೆಯ ಖಾಲಿ ಸದ್ದನ್ನು 10 ಸೆಕೆಂಡು ರೆಕಾರ್ಡ್ ಮಾಡಿಟ್ಟುಕೊಂಡು ಬೇಕಾದಷ್ಟು ಅಂಟಿಸಿ.

ಉದ್ದದ ಕಡತಕ್ಕೆ ಮೊದಲ ಸುತ್ತಿನಲ್ಲಿ ಬರೀ ಕೇಳುತ್ತೇನೆ. ತಪ್ಪಿದ್ದಲ್ಲೆಲ್ಲ ಕಂಟ್ರೋಲ್+ಎಂ (ಮ್ಯಾಕ್‌ನಲ್ಲಿ ಕಮಾಂಡ್+ಚುಕ್ಕೆ) ಒತ್ತಿ ಲೇಬಲ್, ಅಂದರೆ ಗುರುತು, ಹಾಕಿ ಎಂಟರ್. ಎಂಟರ್ ಮರೆತರೆ ಮುಂದೆ ಒತ್ತುವ ಅಕ್ಷರಗಳೆಲ್ಲ ಲೇಬಲ್ ಒಳಗೇ ಹೋಗುತ್ತವೆ. ಆಮೇಲೆ ಕಡತದ ಕೊನೆಯಿಂದ ಆಲ್ಟ್+ಎಡಬಾಣ ಒತ್ತುತ್ತ ಹಿಂದಕ್ಕೆ ಬರುತ್ತೇನೆ. ಕೊನೆಯಿಂದಲೇ ಏಕೆಂದರೆ, ಟ್ರ್ಯಾಕ್‌ಗಳನ್ನು ಒಟ್ಟಿಗೆ ಸರಿಸುವ ಸಿಂಕ್-ಲಾಕ್ ಇಲ್ಲದಾಗ ಆಡಿಯೊ ಟ್ರ್ಯಾಕ್‌ನಲ್ಲಿ ಮಾತ್ರ ಕತ್ತರಿಸಿದರೆ ಮುಂದಿನ ಆಡಿಯೊ ಎಡಕ್ಕೆ ಸರಿಯುತ್ತದೆ, ಲೇಬಲ್ ಇದ್ದಲ್ಲೇ ಇರುತ್ತದೆ. ಹಿಂದಿನ ಲೇಬಲ್‌ಗಳಿಗೆ ಮಾತ್ರ ಏನೂ ಆಗುವುದಿಲ್ಲ.

ಡಿಲೀಟ್ ಒತ್ತಿದರೂ ಆಡಿಯೊ ಹೋಗದಿದ್ದರೆ ಟ್ರ್ಯಾಕ್ ಆಯ್ಕೆಯಾಗಿರುವುದಿಲ್ಲ: ಮೇಲೆ-ಕೆಳಗಿನ ಬಾಣದಿಂದ ಅಲ್ಲಿಗೆ ಹೋಗಿ ಎಂಟರ್ ಒತ್ತಿ. ಒಂದಕ್ಷರದ ಕೀ ಯಾವುದೂ ಓಗೊಡದಿದ್ದರೆ ಕೀಲಿಮಣೆ ಕನ್ನಡಕ್ಕೆ ತಿರುಗಿದೆಯೇ ನೋಡಿ, ಆಮೇಲೆ ಪ್ರಿಫರೆನ್ಸಸ್‌ನ ಶಾರ್ಟ್‌ಕಟ್ ಕೀಗಳ ಪುಟದಲ್ಲಿ ಪೂರ್ಣ ಪಟ್ಟಿ ಆರಿಸಿ. ನಿಮ್ಮದೇ ಕೀಗಳನ್ನು ಹೊಂದಿಸಿಕೊಂಡಿದ್ದರೆ ಅದೇ ಪುಟದಿಂದ ಎಕ್ಸ್‌ಎಂಎಲ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ, ಪ್ರಾಜೆಕ್ಟ್‌ಗಳ ಜೊತೆಗೇ ಬ್ಯಾಕಪ್ ಇಡಿ.