ಹೊಸಬರಿಗೆ: ಸಂಜೆ ನಾಲ್ಕರ ಗುಡುಗು

ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ವರ್ಗವಾಗಿ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದೇ ಆಗುಂಬೆ ಮಳೆ ಬಗ್ಗೆ. ಆ ಮಳೆ ಬರೋದು ಜೂನ್‌ಗೆ, ಅದರ ಕಥೆ ಬೇರೆ. ಅದಕ್ಕೂ ಮೊದಲೇ, ಏಪ್ರಿಲ್-ಮೇ ತಿಂಗಳಲ್ಲಿ, ಮಧ್ಯಾಹ್ನವೆಲ್ಲ ಬೆವರಿಳಿಸುವ ಸೆಕೆ ಇರುತ್ತದೆ. ನಾಲ್ಕು ಗಂಟೆ ಹೊತ್ತಿಗೆ ಗುಡ್ಡದ ಹಿಂದೆ ಮೋಡ ಕಪ್ಪಾಗಿ ಗಾಳಿ ಏಳುತ್ತದೆ. ಸಿಡಿಲಿನ ಭಯ ಜಾಸ್ತಿ ಇರೋದು ಆಗಲೇ.

ನಾನು ಇಲ್ಲಿಗೆ ಬಂದ ಮೊದಲ ಬೇಸಿಗೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದೆ. ಗುಡುಗು ಕೇಳಿದ್ದೇ ಚಾಪೆ ಎತ್ತಲು ಓಡಿದೆ. ಪಕ್ಕದ ಮನೆ ಅಜ್ಜಿ ಜಗಲಿಯಿಂದಲೇ ಗದರಿದರು: "ಹಪ್ಪಳ ಹಾಳಾಗ್ಲಿ ಮಾರಾಯ್ತಿ, ಒಳಗೆ ಬಾ!" ಐದು ನಿಮಿಷ ಆಗಿತ್ತೋ ಇಲ್ಲವೋ, ತೋಟದಂಚಿನ ತೆಂಗಿನ ಮರದ ಸುಳಿ ಹೊತ್ತಿಕೊಂಡು ಉರಿಯಿತು. ಸುರಿಯುವ ಮಳೆಯಲ್ಲೇ, ಹಸಿ ಮರ!

ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೂಡಲೇ ಸುರಕ್ಷಿತ ಜಾಗ ಸೇರಿ. ಅದು ಇಡೀ ಜಿಲ್ಲೆಗೆ ಹೇಳುವ ಮಾತು. ನಿಮ್ಮೂರಿನ ಮೋಡ ನೋಡಲು 'ದಾಮಿನಿ' ಆ್ಯಪ್ ಹಾಕಿಕೊಳ್ಳಿ, ಸುತ್ತಮುತ್ತ ಸಿಡಿಲಿದ್ದರೆ ತಿಳಿಸುತ್ತದೆ. ನೆಟ್‌ವರ್ಕ್ ಸಿಗದ ಕಡೆ ಎಣಿಸಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗಿದರೆ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬೇಡಿ.

ಟಿವಿ, ವೈಫೈ ಡಬ್ಬಿ, ಫ್ರಿಜ್ಜಿನ ಪ್ಲಗ್ಗನ್ನು ಮೋಡ ಕಟ್ಟುವಾಗಲೇ ಕಿತ್ತಿಡಿ. ಸಿಡಿಲು ಶುರುವಾದ ಮೇಲೆ ಕೀಳಲು ಹೋಗಬೇಡಿ. ಸ್ನಾನ, ಪಾತ್ರೆ ತೊಳೆಯುವುದು ಆಮೇಲಾಗಲಿ. ಚಾರ್ಜಿಗೆ ಹಾಕದ ಮೊಬೈಲ್ ಬಳಸಿದರೆ ತೊಂದರೆ ಇಲ್ಲ. ಹಂಡೆ ತುಂಬಿಸಿ, ಟಾರ್ಚು ಹತ್ತಿರ ಇಟ್ಟುಕೊಳ್ಳಿ. ಹಳ್ಳಿ ಕಡೆ ಕರೆಂಟ್ ಹೋದರೆ ಎರಡು ದಿನ ಬಾರದಿರುವುದೂ ಉಂಟು, ಪಂಪು ಓಡದೆ ನೀರೂ ಇರಲ್ಲ.

ದಾರಿಯಲ್ಲಿದ್ದರೆ ಸ್ಕೂಟರ್ ನಿಲ್ಲಿಸಿ ಯಾವುದಾದರೂ ಅಂಗಡಿಯೊಳಗೆ ಹೋಗಿ, ಮರದಡಿ ಮಾತ್ರ ಬೇಡ. ಕಾರಲ್ಲಿದ್ದರೆ ಗಾಜು ಏರಿಸಿ ಕೂತಿರಿ. ಆದರೆ ಘಾಟಿಯ ಹಳೇ ಮರಗಳ ಕೆಳಗೆ ಅಲ್ಲ. ಅಡಿಕೆ ತೋಟದಲ್ಲಿ ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಹಿಡಿದವರೂ ಅದನ್ನು ಅಲ್ಲೇ ಬಿಟ್ಟು ಬರಬೇಕು.

ಮಳೆ ನಿಂತ ಮೇಲೆ ಮಕ್ಕಳನ್ನು ಮಾವಿನಕಾಯಿ ಆರಿಸಲು ಕಳಿಸುವ ಮೊದಲು ನೀವು ಒಮ್ಮೆ ನೋಡಿ ಬನ್ನಿ. ತಂತಿ ಬಿದ್ದಿದ್ದರೆ ದೂರವೇ ನಿಂತು ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಆಂಬುಲೆನ್ಸ್ ಬರುವ ತನಕ ಎದೆಯ ನಡುಭಾಗವನ್ನು ಜೋರಾಗಿ, ಬೇಗಬೇಗ ಒತ್ತುತ್ತಲೇ ಇರಿ.